ಸವತಿಯ ಗುಳಿಗೆ

"ಬಾಯಿ ತೆಗಿ," ಎಂದಳು ಅಪೊಂಡಿ.

ಡೊರ್ಕಾ ತುಟಿ ಬಿಗಿದುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಬೆಳಗಿನಿಂದ ಕುಡಿದ ಗಂಜಿಯೆಲ್ಲ ವಾಂತಿಯಾಗಿ ಹೋಗಿತ್ತು. ಅಪೊಂಡಿ ಮಂಚದ ಅಂಚಿನಲ್ಲಿ ಕೂತು, ಅಂಗೈ ಮೇಲೆ ಒಂದು ಹಳದಿ ಗುಳಿಗೆ ಇಟ್ಟುಕೊಂಡು ಕಾಯುತ್ತಿದ್ದಳು.

"ಅದು ನಿನ್ನ ಹೆಸರಿಗೆ ಬಂದಿದ್ದು. ನಂಗೆ ಬೇಡ."

"ಒಗೊಲ್ಲಾ ನಿನ್ನ ಹೆಸರಿಗೆ ಬಂದಿದ್ದ. ನಾನು ಬೇಡ ಅಂದ್ನಾ?"

ಡೊರ್ಕಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತಿತ್ತು, ಆದರೂ ನಕ್ಕಳು. ಅಷ್ಟರಲ್ಲಿ ಗುಳಿಗೆ ಅವಳ ನಾಲಿಗೆಯ ಮೇಲಿತ್ತು, ನೀರಿನ ಲೋಟ ತುಟಿಗೆ ತಗುಲಿತ್ತು.

ಇಬ್ಬರೂ ಒಗೊಲ್ಲಾನ ಹೆಂಡತಿಯರು. ಡೊರ್ಕಾ ಹಿರಿಯಳು, ಅಪೊಂಡಿ ಅವಳಿಗಿಂತ ಸಾಕಷ್ಟು ಚಿಕ್ಕವಳು. ಒಂದೇ ಬೇಲಿಯೊಳಗೆ ಎರಡು ಮನೆ, ಎರಡು ಒಲೆ. ಯಾರ ಕೋಳಿ ಯಾರ ಅಂಗಳದಲ್ಲಿ ಮೊಟ್ಟೆ ಇಟ್ಟಿತು, ಮಳೆನೀರಿನ ಡ್ರಮ್ಮಿನಿಂದ ಯಾರು ಹೆಚ್ಚು ತೋಡಿದರು ಎಂದು ವರ್ಷಗಟ್ಟಲೆ ಜಗಳವಾಡಿದ್ದರು. ಒಗೊಲ್ಲಾ ತೀರಿಕೊಂಡ ಮೇಲೂ ಜಗಳ ನಿಂತಿರಲಿಲ್ಲ. ಡೊರ್ಕಾಳಿಗೆ ರಕ್ತ ಹೋಗಲು ಶುರುವಾದಾಗ ಕಿಸುಮುವಿನ ದೊಡ್ಡಾಸ್ಪತ್ರೆಗೆ ಜೊತೆಗೆ ಬರುವವರು ಬೇರೆ ಯಾರೂ ಇರಲಿಲ್ಲವೆಂದು ಅಪೊಂಡಿ ಗೊಣಗುತ್ತಲೇ ಹೊರಟಿದ್ದಳು. ಹೇಗೂ ಬಂದಿದ್ದೀಯಲ್ಲ, ನಿನ್ನನ್ನೂ ನೋಡಿಬಿಡೋಣ ಎಂದು ನರ್ಸ್ ಚೆಬೆಟ್ ಅವಳನ್ನೂ ಒಳಗೆ ಕರೆದಳು. ವಾರ ಕಳೆದು ವರದಿ ಬಂತು. ಇಬ್ಬರಿಗೂ ಗರ್ಭಕಂಠದ ಕ್ಯಾನ್ಸರ್, ಇಬ್ಬರಿಗೂ ಆಗಲೇ ಹರಡಿತ್ತು. ಗಂಡಸಿನಿಂದ ಹೆಂಗಸಿಗೆ ಅಂಟುವ ವೈರಸ್ಸಿನಿಂದ ಬರುವ ರೋಗವಿದು ಎಂದಳು ಚೆಬೆಟ್.

"ಬದುಕಿದ್ದಾಗ ಒಂದು ಪೊಟ್ಟಣ ಸಕ್ಕರೇನೂ ಸಮ ಹಂಚದವನು, ಇದನ್ನ ಮಾತ್ರ ಸರಿಯಾಗಿ ಹಂಚಿ ಹೋದ," ಎಂದಿದ್ದಳು ಡೊರ್ಕಾ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು.

ಆಸ್ಪತ್ರೆಯಲ್ಲಿ ಹೊಸ ಔಷಧಿಯೊಂದನ್ನು ಪರೀಕ್ಷಿಸುತ್ತಿದ್ದರು. ಸೇರಿದ ಹೆಂಗಸರಿಗೆಲ್ಲ ಎಂದಿನ ಕಿಮೋ ಡ್ರಿಪ್. ಅವರಲ್ಲಿ ಅರ್ಧದಷ್ಟು ಮಂದಿಗೆ ಅದರ ಜೊತೆಗೆ ಹೊಸ ಗುಳಿಗೆ. ಯಾರಿಗೆ ಎಂದು ಆರಿಸುವುದು ಡಾಕ್ಟರಲ್ಲ, ಕಂಪ್ಯೂಟರ್. ಅದು ಅಪೊಂಡಿಯನ್ನು ಆರಿಸಿತು. "ಹಿರಿಯಳಿಗೆ ಮೊದಲು ಕೊಡಬೇಕು ಅಂತ ನಿಮ್ಮ ಕಂಪ್ಯೂಟರ್‌ಗೆ ಯಾರೂ ಕಲಿಸ್ಲಿಲ್ವಾ?" ಎಂದು ಡೊರ್ಕಾ ಕೇಳಿದ್ದಕ್ಕೆ ಡಾಕ್ಟರ್ ಮಕೋಖಾ ನಕ್ಕಿದ್ದರು. ಅವಳು ನಕ್ಕಿರಲಿಲ್ಲ.

ಮೊದಮೊದಲು ಡ್ರಿಪ್ ಹಾಕಿಸಿಕೊಂಡು ಇಬ್ಬರೂ ಒಂದೇ ಮಟಾಟು ವ್ಯಾನಿನಲ್ಲಿ ಮನೆಗೆ ಬಂದು, ತಂತಮ್ಮ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಬರಬರುತ್ತ ಡೊರ್ಕಾ ಸೊರಗಿಹೋದಳು. ಉಂಗುರ ಬೆರಳಲ್ಲಿ ನಿಲ್ಲುತ್ತಿರಲಿಲ್ಲ. ಅಪೊಂಡಿ ಚೆನ್ನಾಗೇ ಇದ್ದಳು. ನೀರು ಹೊರುತ್ತಿದ್ದಳು, ಚರ್ಚಿನಲ್ಲಿ ಹಾಡುತ್ತಿದ್ದಳು. ಎದುರು ಮನೆಯ ಕಿಟಕಿಯಿಂದ ಡೊರ್ಕಾಳ ಕೆಮ್ಮು, ವಾಂತಿ ಕೇಳುತ್ತಿದ್ದವು. ಒಂದು ಬೆಳಿಗ್ಗೆ ಅಪೊಂಡಿ ತನ್ನ ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳದೆ ಅಂಗಳ ದಾಟಿದಳು.

ಅಂದಿನಿಂದ ಒಂದು ದಿನ ಅವಳಿಗೆ, ಮರುದಿನ ಇವಳಿಗೆ. ಗುಳಿಗೆಯ ಖಾಲಿ ಸ್ಟ್ರಿಪ್‌ಗಳನ್ನು ಆಸ್ಪತ್ರೆಗೆ ವಾಪಸು ತಂದುಕೊಟ್ಟಾಗ ಚೆಬೆಟ್, "ಎಲ್ಲರೂ ನಿನ್ನ ಹಾಗೇ ಇದ್ರೆ ನಮ್ಮ ಕೆಲಸ ಎಷ್ಟು ಸಲೀಸು," ಎಂದು ಅಪೊಂಡಿಯ ಬೆನ್ನು ತಟ್ಟುತ್ತಿದ್ದಳು. ಡೊರ್ಕಾಳಿಗೆ ಹಸಿವು ಮರಳಿತು. ಉಗಾಲಿ ಮುದ್ದೆ ಹೊಟ್ಟೆಯಲ್ಲಿ ನಿಂತಿತು. ಒಂದು ದಿನ ಎದ್ದು ಬಂದು, ಡ್ರಮ್ಮಿನ ಮುಚ್ಚಳ ಯಾರು ತೆಗೆದಿಟ್ಟಿದ್ದೆಂದು ಬೇಲಿಯಾಚೆಗೂ ಕೇಳುವಂತೆ ಬೈದಳು. ಅಪೊಂಡಿ ಒಳಗೆ ಹೋಗಿ ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಸಂತೋಷಕ್ಕೆ.

ಮುಂದಿನ ಸ್ಕ್ಯಾನಿನ ದಿನ ಡಾಕ್ಟರ್ ಮಕೋಖಾ ಪರದೆಯನ್ನು ಬಹಳ ಹೊತ್ತು ನೋಡಿದರು.

"ಅಪೊಂಡಿ, ಗಡ್ಡೆ ಬೆಳೆದಿದೆ. ಯಕೃತ್ತಿಗೂ ಹೋಗಿದೆ. ಗುಳಿಗೆ ಒಂದು ದಿನಾನೂ ತಪ್ಪಿಸಿಲ್ಲ ಅಲ್ವಾ?"

"ಇಲ್ಲ ಡಾಕ್ಟ್ರೇ."

"ಹಾಗಾದ್ರೆ ಅದು ನಿಮಗೆ ಹಿಡೀತಿಲ್ಲ. ಇವತ್ತಿಂದ ನಿಲ್ಲಿಸ್ತೀವಿ."

ಬಾಗಿಲ ಬಳಿಯ ಸ್ಟೂಲಿನಿಂದ ಡೊರ್ಕಾ ಎದ್ದುನಿಂತಳು. "ಸುಳ್ಳು ಹೇಳ್ತಿದಾಳೆ. ಅರ್ಧ ನಾನು ತಿಂದಿದೀನಿ."

"ವಯಸ್ಸಾಯ್ತು ಡಾಕ್ಟ್ರೇ, ಏನೇನೋ ಮಾತಾಡ್ತಾಳೆ."

"ಬಾಯ್ಮುಚ್ಚೇ! ಇವತ್ತಿಂದ ಪೂರ್ತಿ ಕೊಡಿ ಇವಳಿಗೆ. ನಾನೇ ಎದುರಿಗೆ ಕೂತು ನುಂಗಿಸ್ತೀನಿ. ನಂಗೆ ಡ್ರಿಪ್ಪೂ ಬೇಡ, ಏನೂ ಬೇಡ, ನನ್ನ ಹೆಸರು ಹೊಡೆದುಹಾಕಿ."

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಸಿಟ್ಟು ಬಂದಿದ್ದರೂ ಅದು ದನಿಯಲ್ಲಿರಲಿಲ್ಲ. ಗಡ್ಡೆ ಇಷ್ಟು ಬೆಳೆದ ಮೇಲೆ ಗುಳಿಗೆ ಮುಂದುವರಿಸುವಂತಿಲ್ಲ ಎಂದರು. ಡೊರ್ಕಾಳ ಡ್ರಿಪ್ ಮಾತ್ರ ನಿಲ್ಲುವುದಿಲ್ಲ ಎಂದರು.

"ಪೂರ್ತಿ ತಗೊಂಡಿದ್ರೆ ವಾಸಿಯಾಗ್ತಿತ್ತಾ?" ಡೊರ್ಕಾ ಕೇಳಿದಳು.

"ಗೊತ್ತಿಲ್ಲಮ್ಮ. ಈ ಗುಳಿಗೆ ಕೆಲಸ ಮಾಡುತ್ತೋ ಇಲ್ವೋ, ಅದೇ ನನಗಿನ್ನೂ ಗೊತ್ತಿಲ್ಲ. ತಿಳ್ಕೊಳ್ಳೋಕೇ ತಾನೇ ಇದೆಲ್ಲ."

"ಮತ್ತೆ ನಾನು ಚೇತರಿಸ್ಕೊಂಡಿದ್ದು?"

"ಬರೀ ಡ್ರಿಪ್ಪಿನಿಂದಲೂ ಇರಬಹುದು."

ಮಟಾಟುವಿನಲ್ಲಿ ಇಬ್ಬರಿಗೂ ಹಿಂದಿನ ಸೀಟು ಸಿಕ್ಕಿತು.

"ಯಾರು ಬಾಯಿ ಬಿಡು ಅಂದ್ರು ನಿಂಗೆ?" ಎಂದಳು ಅಪೊಂಡಿ, ಊರು ದಾಟಿದ ಮೇಲೆ.

"ಯಾರು ಕೊಡು ಅಂದ್ರು ನಿಂಗೆ? ನಾನು ಕೇಳಿದ್ನಾ? ಕೈ ಚಾಚಿದ್ನಾ?"

ದನಿ ಏರಿದ್ದಕ್ಕೆ ಮುಂದಿನ ಸೀಟಿನ ಹೆಂಗಸು ತಿರುಗಿ, "ಅಕ್ಕ-ತಂಗೀರು ರಸ್ತೇಲೆಲ್ಲ ಹೀಗೆ ಕಿತ್ತಾಡ್ತಾರಾ?" ಎಂದಳು.

"ಅಕ್ಕ-ತಂಗಿ ಅಲ್ಲ, ಸವತೀರು," ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಆಕೆ ಗಡಬಡಿಸಿ ಮುಖ ತಿರುಗಿಸಿಕೊಂಡಳು.

ಅಪೊಂಡಿ ಕಿಟಕಿಯ ಗಾಜಿಗೆ ಹಣೆ ಆನಿಸಿದಳು. "ನೀನು ಹೋಗಿಬಿಟ್ರೆ ಆ ಬೇಲಿಯೊಳಗೆ ನಾನು ಯಾರ ಹತ್ರ ಮಾತಾಡ್ಲಿ ಅಂತ ಅನ್ನಿಸ್ತು. ಅಷ್ಟೇ."

"ಈಗ ನಾನು ಯಾರ ಹತ್ರ ಮಾತಾಡ್ಲೇ?"

ಇಳಿಯುವ ಜಾಗ ಬಂದಾಗ ಡೊರ್ಕಾ ಮೊದಲು ಇಳಿದು, ಅಪೊಂಡಿಯನ್ನು ಕೈ ಹಿಡಿದು ಇಳಿಸಿಕೊಂಡಳು.

ದೊಡ್ಡ ಮಳೆಗಾಲ ಹತ್ತಿರವಾಗುವ ಹೊತ್ತಿಗೆ ಅಪೊಂಡಿ ಹಾಸಿಗೆ ಹಿಡಿದಿದ್ದಳು. ಕಣ್ಣುಗಳು ಹಳದಿಯಾಗಿದ್ದವು. ಡೊರ್ಕಾ ಒಬ್ಬಳೇ ಕಿಸುಮುವಿಗೆ ಹೋಗಿ ಬರುತ್ತಿದ್ದಳು. ಬಂದವಳು ತನ್ನ ಮನೆಯ ಬೀಗ ತೆಗೆಯುವ ಮೊದಲು ಎದುರು ಮನೆಗೆ ಹೋಗಿ, ಯಾವ ನರ್ಸು ದಪ್ಪಗಾದಳು, ಯಾರ ಹಾಸಿಗೆ ಖಾಲಿಯಾಗಿತ್ತು ಎಂದೆಲ್ಲ ಹೇಳುತ್ತಿದ್ದಳು. ಗಂಜಿ ಕುಡಿಸಿದರೆ ಅಪೊಂಡಿ, "ಉಪ್ಪಿಲ್ಲ," ಎನ್ನುತ್ತಿದ್ದಳು. "ಎದ್ದು ಬಂದು ಹಾಕ್ಕೋ," ಎನ್ನುತ್ತಿದ್ದಳು ಡೊರ್ಕಾ. ಆಮೇಲೆ ಅಪೊಂಡಿ ಉಪ್ಪಿಲ್ಲ ಎನ್ನುವುದೂ ನಿಂತಿತು.

ಆ ಮಧ್ಯಾಹ್ನ ಅಂಗಳದಲ್ಲಿ ಎರಡು ಚಾಪೆಗಳ ಮೇಲೆ ಸಣ್ಣ ಮೀನು ಒಣಗುತ್ತಿತ್ತು. ಸಂತೆಗೆ ಇಬ್ಬರೂ ಬೇರೆ ಬೇರೆಯಾಗಿಯೇ ಮೀನು ಒಣಗಿಸಿ ಮಾರುವುದು ರೂಢಿ. ಅಪೊಂಡಿಯ ಪಾಲಿನದನ್ನೂ ಈಗ ಡೊರ್ಕಾಳೇ ಸರೋವರದ ದಡದಿಂದ ಕೊಂಡು ತಂದು ಹರಡಿದ್ದಳು. ಸರೋವರದ ಕಡೆಯಿಂದ ಗಾಳಿ ತಣ್ಣಗೆ ತಿರುಗಿತು. ತಗಡಿನ ಮೇಲೆ ಮೊದಲ ಹನಿಗಳು ಬಿದ್ದ ಸದ್ದಿಗೆ ಡೊರ್ಕಾ ಅಪೊಂಡಿಯ ಹಾಸಿಗೆಯ ಪಕ್ಕದಿಂದೆದ್ದು, ಬುಟ್ಟಿ ಹಿಡಿದು ಹೊರಗೆ ಓಡಿದಳು. ಮೊಣಕಾಲೂರಿ ಅಪೊಂಡಿಯ ಚಾಪೆಯ ಮೀನನ್ನು ಎರಡೂ ಕೈಯಲ್ಲಿ ಬಾಚತೊಡಗಿದಳು. ಒಂದನ್ನೂ ಬಿಡದಂತೆ, ಅವಸರವಿಲ್ಲದೆ ಬಾಚಿದಳು. ಪಕ್ಕದಲ್ಲಿ ಡೊರ್ಕಾಳ ಚಾಪೆಯ ಮೇಲೆ ಮಳೆ ಹೊಯ್ಯುತ್ತಿತ್ತು.