ಇಸ್ತ್ರಿಪೆಟ್ಟಿಗೆಯ ಮೂತಿ

ಬಸ್ ನಿಲ್ದಾಣದವರೆಗೆ ಹೋದವಳು ಮತ್ತೆ ಮನೆಗೆ ಓಡಿ ಬಂದೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ ತೆಗೆದಿದ್ದು ಬೆರಳಿಗೆ ನೆನಪಿತ್ತು. ಆದರೆ ನನ್ನ ಬೆರಳನ್ನು ನಾನೇ ನಂಬುವ ಕಾಲ ಮುಗಿದಿತ್ತು. ನೋಡಿದರೆ ಪ್ಲಗ್ ಹೊರಗಿತ್ತು, ಪೆಟ್ಟಿಗೆ ತಣ್ಣಗಿತ್ತು.

ಅಡುಗೆಮನೆಯಿಂದ ಅಕ್ಕ ಇಣುಕಿದಳು. "ಮತ್ತೆ ಬಂದ್ಯಾ? ಪಾಪ. ಈ ತಲೆ ಇಟ್ಕೊಂಡು ಬೇರೆ ಊರಲ್ಲಿ ಅಂಗಡಿ ನಡೆಸ್ತೀಯಾ?"

ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ನಾನು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಮಾಸ್ಟರ್ ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದರು. ಅದನ್ನು ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ಮೇಲ್ಗಡೆ ಇರಲು ಒಂದು ಕೋಣೆಯೂ ಇತ್ತು. ಆ ಸುದ್ದಿ ಮನೆಗೆ ಬಂದಾಗಿನಿಂದ ನನ್ನ ಮರೆವು ಹೆಚ್ಚಾಯಿತು. ಒಲೆ ಆರಿಸಿರುತ್ತಿರಲಿಲ್ಲವಂತೆ. ಚಿಲಕ ಹಾಕಿರುತ್ತಿರಲಿಲ್ಲವಂತೆ. ಪ್ರತಿ ಸಲವೂ ಅದನ್ನು ಕಂಡವಳು ಅಕ್ಕ. ಬೈಯುತ್ತಿರಲಿಲ್ಲ, ತಲೆ ಸವರುತ್ತಿದ್ದಳು. "ಇರ್ಲಿ ಬಿಡು, ನಾನಿದ್ದೀನಲ್ಲ." ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಂದು ಸಂಜೆ ಬಾಗಿಲಲ್ಲೇ ಸುಟ್ಟ ವಾಸನೆ ಬಡಿಯಿತು. ಇಸ್ತ್ರಿ ಮೇಜಿನ ಹೊದಿಕೆಯ ಮೇಲೆ ಪೆಟ್ಟಿಗೆಯ ಆಕಾರದ ಕಪ್ಪು ಕಲೆ.

"ಬೆಳಿಗ್ಗೆ ನೋಡೋಕೆ ಬಂದವಳೇ ಪ್ಲಗ್ ಹಾಕಿ ಹೋಗಿದ್ದೀಯ" ಎಂದಳು ಅಕ್ಕ. "ನಾನು ಪೇಟೆಯಿಂದ ಬರೋದು ತಡ ಆಗಿದ್ರೆ ಮನೆ ಇರ್ತಿರ್ಲಿಲ್ಲ. ನಾಳೆ ಮಾಸ್ಟರ್‌ಗೆ ಆಗಲ್ಲ ಅಂದ್ಬಿಡು. ಹೇಳೋಕೆ ಬಾಯಿ ಬರದಿದ್ರೆ ಈ ಬಟ್ಟೆ ತಗೊಂಡು ಹೋಗಿ ತೋರಿಸು."

ಹೇಳಿದಂತೆಯೇ ಮಾಡಿದೆ. ಮರುದಿನ ಹೊದಿಕೆಯನ್ನು ಮಡಚಿ ಅಂಗಡಿಗೆ ಒಯ್ದೆ.

ಅಂಗಡಿಯಲ್ಲಿ ನನ್ನ ಹೆಸರು ಎಡಚಿ. ನನ್ನದು ಎಡಗೈ. ಅಲ್ಲಿಯ ಇಸ್ತ್ರಿ ಮೇಜೂ ನಮ್ಮ ಮನೆಯದರಂತೆ ಗೋಡೆಗೆ ಅಂಟಿಕೊಂಡಿದೆ. ಎಡಕ್ಕೆ ಕಪಾಟು, ಬಲಕ್ಕೆ ಬಾಗಿಲು. ಬೇರೆಯವರು ಬಲಗೈಯಲ್ಲಿ ಇಟ್ಟ ಪೆಟ್ಟಿಗೆಯ ಮೂತಿ ಕಪಾಟಿನ ಕಡೆಗಿದ್ದರೆ ನಾನು ಇಟ್ಟಿದ್ದರ ಮೂತಿ ಬಾಗಿಲ ಕಡೆಗೆ. ಗುಂಡಿ ಹೊಲಿಯುವ ಅಜ್ಜಿ, ನಾವು ಗುಂಡಿಯಜ್ಜಿ ಎನ್ನುವವರು, ದಿನವೂ ನಗಾಡುತ್ತಿದ್ದರು: "ಎಡಚಿ ಪೆಟ್ಟಿಗೆಗೆ ಯಾವಾಗ್ಲೂ ಮನೆಗೆ ಹೋಗೋ ಅವಸರ."

ಹೊದಿಕೆಯನ್ನು ಆ ಮೇಜಿನ ಮೇಲೆ ಹರಡಿದೆ. ಹೊಲಿದವಳು ನಾನೇ, ಕಟ್ಟುವ ಲಾಡಿಗಳು ಗೋಡೆಯ ಬದಿಗೆ ಬರಬೇಕು, ಮನೆಯಲ್ಲಿದ್ದ ಹಾಗೇ ಹಾಸಿದೆ. "ನೋಡಿ ಮಾಸ್ಟರ್, ನನ್ನ ಕೈಗೆ ಅಂಗಡಿ ಕೊಟ್ರೆ..."

ಆಗಲೇ ಕಣ್ಣಿಗೆ ಬಿತ್ತು. ಕಲೆಯ ಮೂತಿ ಕಪಾಟಿನ ಕಡೆಗಿತ್ತು.

"ಯಾರು ಸುಟ್ಟಿದ್ದು?" ಗುಂಡಿಯಜ್ಜಿ ಕೇಳಿದರು.

"ನಾನೇ."

"ನೀನಾ? ಯಾವಾಗಿಂದ ಬಲಗೈಯವಳಾದೆ?"

ತಣ್ಣನೆಯ ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ಕಲೆಯ ಮೇಲೆ ಕೂರಿಸಲು ನೋಡಿದೆ. ಮಣಿಕಟ್ಟು ತಿರುಚಿಕೊಂಡಿತು, ಮೊಣಕೈ ಹೊಟ್ಟೆಗೆ ಒತ್ತಿತು. ಮತ್ತೆ ಮತ್ತೆ ಇಟ್ಟೆ. ಕೂರಲಿಲ್ಲ. "ಅವಸರದಲ್ಲಿ ಹೀಗೂ ಇಟ್ಟಿರಬಹುದಾ ಮಾಸ್ಟರ್?"

ಮಾಸ್ಟರ್ ಕನ್ನಡಕ ತೆಗೆದರು. "ನಿನ್ನ ಕೈ ನನಗೆ ಗೊತ್ತಮ್ಮ. ನಿನಗೆ ಗೊತ್ತಿದೆಯಾ, ಅದನ್ನ ಹೇಳು."

ಸಂಜೆ ಹೊದಿಕೆಯನ್ನು ಅಕ್ಕನ ಮುಂದಿಟ್ಟೆ. "ಇದನ್ನ ಸುಟ್ಟಿದ್ದು ನೀನಾ?"

"ಯಾರು ಕಿವಿ ಊದಿದ್ರು ನಿನಗೆ? ನನ್ನ ಮದುವೆ ಬದಿಗಿಟ್ಟು ನಿನ್ನ ಸಾಕಿದ್ದಕ್ಕೆ ಇದಾ?" ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು.

ತಪ್ಪಾಯ್ತು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಾಲುಗಳು ನೀರು ತರಲು ಹೊರಟೇಬಿಟ್ಟಿದ್ದವು. ಹೊಸಿಲಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ನಾನು ಸಾಕಿದ್ದರ ಬಗ್ಗೆ ಕೇಳಲಿಲ್ಲ ಅಕ್ಕ. ಸುಟ್ಟಿದ್ದರ ಬಗ್ಗೆ ಕೇಳಿದೆ."

ಅಳು ನಿಂತಿತು. ಸೆರಗು ಕೆಳಗಿಳಿಸಿ ಅವಳೆಂದಳು: "ನೀನು ಹೋದ್ರೆ ನಾನೊಬ್ಳೇ."

"ಅದನ್ನೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ನಿಲ್ತಿದ್ಯಾ?"

ಅವಳ ಎದುರಿಗೇ ಮಾಸ್ಟರ್‌ಗೆ ಫೋನ್ ಮಾಡಿ, ಬರುತ್ತೇನೆ ಎಂದೆ.

ಈಗ ಹೊಸ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಬೆಳಿಗ್ಗೆ ಕೆಳಗಿಳಿದು ಮತ್ತೆ ಹತ್ತಿ ಪ್ಲಗ್ ನೋಡುವುದು ನಿಂತಿಲ್ಲ. ಅಕ್ಕ ಫೋನ್ ಮಾಡುತ್ತಾಳೆ, ನಾನೂ ಎತ್ತುತ್ತೇನೆ. ಇವತ್ತು ಮೆಟ್ಟಿಲಿಳಿಯುತ್ತಿದ್ದಾಗ ಬೆಣ್ಣೆಯಂಥ ದನಿಯಲ್ಲಿ ಕೇಳಿದಳು: "ಪ್ಲಗ್ ತೆಗೆದ್ಯಾ ಪುಟ್ಟಿ?"

"ತೆಗೆದೆ."

"ಸರಿಯಾಗಿ ನೆನಪಿದೆಯಾ?"

ಒಂದು ಕಾಲು ಆಗಲೇ ಮೇಲಿನ ಮೆಟ್ಟಿಲ ಕಡೆ ತಿರುಗಿತ್ತು.

"ಇದೆ ಅಕ್ಕ. ಗಿರಾಕಿ ಬಂದಿದ್ದಾರೆ, ಇಡ್ತೀನಿ."

ಗಿರಾಕಿ ಯಾರೂ ಬಂದಿರಲಿಲ್ಲ. ಮೇಲೆ ಹತ್ತಲಿಲ್ಲ, ಹೋಗಿ ಅಂಗಡಿಯ ಬಾಗಿಲು ತೆಗೆದೆ. ಮಧ್ಯಾಹ್ನದವರೆಗೂ ಮೂಗು ಸುಟ್ಟ ವಾಸನೆಯನ್ನು ಹುಡುಕುತ್ತಲೇ ಇತ್ತು. ಕೈ ಮಾತ್ರ ಗೆರೆ ತಪ್ಪದೆ ಬಟ್ಟೆ ಕತ್ತರಿಸುತ್ತಿತ್ತು.