ಹೊನ್ನಕ್ಕ ತಂದ ಮೇಕೆ

ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದು, ಒಪ್ಪೋಣ. ಆದರೆ ನನ್ನಿವಾಳದ ಹೊನ್ನಕ್ಕ ಬಾಣಂತಿ ಸೊಸೆಯನ್ನು ನೋಡಲು ಸಿದ್ದಾಪುರಕ್ಕೆ ತಂದದ್ದು ಬಾಳೆಹಣ್ಣಲ್ಲ, ಕೂಸಿಗೆ ಕುಲಾವಿಯೂ ಅಲ್ಲ. ಕೆಚ್ಚಲು ಬಿರಿಯುವಂತಿದ್ದ ಒಂದು ಕರಿ ಮೇಕೆ! ಮಗ ಅಂಜಿನೇಯನ ಲಗೇಜ್ ಆಟೋದ ಹಿಂಬದಿಯಲ್ಲಿ ಅದು ದಾರಿಯುದ್ದಕ್ಕೂ ಅರಚಿಕೊಂಡೇ ಬಂದಿತ್ತು.

"ಮೊಮ್ಮಗ ಎದೆ ಹಿಡೀವಲ್ಲನಂತೆ! ಕೇಳಿದ್ದೇ ತಡ, ಹೊಂಟ್ ಬಂದೆ," ಎಂದು ಹೊನ್ನಕ್ಕ ಹೊಸಿಲಾಚೆಯಿಂದಲೇ ಕೂಗಿದಳು. "ನಮ್ಮನೆ ಗಂಡುಗಳೇ ಹಿಂಗೆ ಕಣೇ ರಶ್ಮಿ. ಕೂಸಿನಪ್ಪನೂ ನನ್ನ ಎದೆ ಮುಟ್ಲಿಲ್ಲ. ಮೇಕೆ ಹಾಲು ಕುಡ್ದೇ ಇಷ್ಟೆತ್ತರ ಆಗೈತೆ ನೋಡು ಆಳು!"

ಅಂಜಿನೇಯ ಹಲ್ಲು ಕಿರಿದ. ಹಟ್ಟಿಗೆಲ್ಲ ಗೊತ್ತಿದ್ದ ಕತೆ ಅದು. ಎದೆ ಹಿಡಿಯದ ಗಂಡುಕೂಸು ಮೇಕೆಯನ್ನೇ ತಾಯಿ ಅಂತ ಆರಿಸಿಕೊಂಡಿದೆ ಎಂದು ಆ ಮನೆಯವರ ಹೆಮ್ಮೆ. ಹೆತ್ತವಳು ತನ್ನ ಕೈಯಾರೆ ಮೇಕೆಯ ಕೊರಳಿಗೆ ಗಂಟೆ ಕಟ್ಟಬೇಕು. ಕಟ್ಟಿದ ಮೇಲೆ ಮೇಕೆಯನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ, ಕೂಸನ್ನು ಮತ್ತೆ ಎದೆಗೆ ಹಾಕುವಂತಿಲ್ಲ. ಹೊನ್ನಕ್ಕ ಸೆರಗಿನ ಗಂಟು ಬಿಚ್ಚಿ ಕಂಚಿನ ಗಂಟೆ ತೆಗೆದು ಸೊಸೆಯ ಮುಂದೆ ಹಿಡಿದಳು.

ರಶ್ಮಿತಾಳ ಮೈಯೆಲ್ಲ ಉರಿಯಿತು. ಹಾಲಿಲ್ಲದ ಮಾತಲ್ಲ ಅದು. ಹಾಲು ಸೋರಿ ರವಿಕೆ ತೊಯ್ಯುತ್ತಿತ್ತು. ಕೂಸು ಎದೆಗೆ ಬಾಯಿ ಹಾಕಿ ನಾಲ್ಕು ಸಲ ಚಪ್ಪರಿಸುವುದು, ಜಾರುವುದು, ಕೆಂಪಾಗಿ ಕಿರುಚುವುದು. ತೊಟ್ಟು ಒಡೆದು ರಕ್ತ ಬರುತ್ತಿತ್ತು. ಹಾಲು ಹಿಂಡಿ ಒಳಲೆಯಲ್ಲಿ ಹೊಯ್ದರೂ ಅರ್ಧ ಕಟವಾಯಿಯಿಂದ ಹೊರಗೆ. ಕೂಸಿನ ತೂಕ ಇಳಿಯುತ್ತಲೇ ಇತ್ತು. ಅವ್ವ ಕ್ಯಾತಮ್ಮ ದೃಷ್ಟಿ ಅಂದಳು, ಪಕ್ಕದ ಮನೆಯವಳು ಉಷ್ಣ ಅಂದಳು. ಊರಿಗೆಲ್ಲ ಒಂದೊಂದು ಕಾರಣ ಗೊತ್ತಿತ್ತು, ಕೂಸಿನ ಬಾಯಿ ನೋಡಿದವರು ಮಾತ್ರ ಯಾರೂ ಇಲ್ಲ. ಆ ಬೆಳಿಗ್ಗೆ ಅದು ಬಾಯಿ ತೆರೆದು ಅಳುವಾಗ ರಶ್ಮಿತಾ ನೋಡಿದ್ದಳು. ನಾಲಿಗೆ ಮೇಲೇಳುತ್ತಲೇ ಇರಲಿಲ್ಲ. ಅಡಿಯಲ್ಲೊಂದು ತೆಳು ಚರ್ಮ ಅದನ್ನು ಗೂಟಕ್ಕೆ ಕಟ್ಟಿದ ಹಾಗೆ ಹಿಡಿದುಕೊಂಡಿತ್ತು.

"ಗಂಟೆ ಕಟ್ಟಲ್ಲ ಅತ್ತೆ," ಎಂದಳು. "ಚಳ್ಳಕೆರೆ ಡಾಕ್ಟರಮ್ಮಗೆ ಫೋನ್ ಮಾಡೀನಿ. ಇವತ್ತೇ ಬಾ ಅಂದವ್ರೆ. ನನ್ನ ಮಗನಿಗೆ ನಾನೇ ಹಾಲು ಕುಡಿಸ್ತೀನಿ."

"ಬಾಣಂತಿ ಗಾಳಿಗೆ ಹೋಗ್ತಾಳಂತೆ! ಆ ಬಾಯಿಗೆ ಏನಾಗೈತೆ? ಚಿನ್ನದಂಥ ಬಾಯಿ!"

"ಹತ್ತವ್ವ ಆಟೋನ," ಎಂದ ಅಂಜಿನೇಯ. ಅವನಿಗೆ 'ರ' ಬರುವುದಿಲ್ಲ. ಹೆಂಡತಿಯನ್ನು ಲಶ್ಮಿ ಎನ್ನುತ್ತಾನೆ. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ಮುದ್ದು ಅಂದುಕೊಂಡಿದ್ದಳು. "ಲಶ್ಮಿ ಹೇಳಿದ್ಮೇಲೆ ಮುಗೀತು. ಒಂದ್ಸಲಿ ತೋಲ್ಸಿ ಬಲೋಣ."

ಹೊನ್ನಕ್ಕ ಹತ್ತಿದಳು, ಮೇಕೆಯನ್ನು ಇಳಿಸಲು ಮಾತ್ರ ಬಿಡಲಿಲ್ಲ. ಡಾಕ್ಟರ ಕೈಯಲ್ಲಿ ಆಗದಿದ್ದರೆ ಅಲ್ಲೇ ಗಂಟೆ ಕಟ್ಟಿಸುವುದೆಂದು ಅವಳ ಹಟ. ಮುಂದೆ ಮೂವರು ಒತ್ತಿಕೊಂಡು ಕೂತು, ನಡುವೆ ಕಂಬಳಿಯಲ್ಲಿ ಕೂಸು, ಹಿಂದೆ ಮೇಕೆ. ಆಟೋ ಹಾರಿತು. ದಾರಿಯ ತಳಕು ಊರು ಬರುವಷ್ಟರಲ್ಲಿ ಕೂಸೂ ಮೇಕೆಯೂ ಪೈಪೋಟಿಗೆ ಬಿದ್ದು ಅರಚುತ್ತಿದ್ದವು. ರಶ್ಮಿತಾಳಿಗೆ ಭಯವೂ ಇತ್ತು, ಇವತ್ತು ಏನೋ ಆಗೇ ಆಗುತ್ತದೆ ಎನ್ನುವ ಹುರುಪೂ ಇತ್ತು.

ಚಳ್ಳಕೆರೆಯಲ್ಲಿ ಡಾಕ್ಟರಮ್ಮ ಕೂಸಿನ ಬಾಯಿಗೆ ಬೆರಳಿಟ್ಟು ನೋಡಿ ನಕ್ಕರು. "ನೀನು ಕಂಡಿದ್ದು ಸರಿಯಾಗಿದೆ ಕಣಮ್ಮ. ನಾಲಿಗೆ ಕೆಳಗಿನ ಚರ್ಮ ಗಿಡ್ಡ. ನಾಲಿಗೆ ಚಾಚದೆ ಕೂಸು ಎದೆ ಹೇಗೆ ಹಿಡಿಯುತ್ತೆ?" ಎಂದರು. ಆಮೇಲೆ ಸಣ್ಣ ಕತ್ತರಿ ಹಿಡಿದರು. ರಶ್ಮಿತಾ ಕಣ್ಣು ಮುಚ್ಚಿದಳು. ಕೂಸು ಒಮ್ಮೆ ಚೀರಿತು. ಕಣ್ಣು ಬಿಟ್ಟಾಗ ಬಟ್ಟೆಯ ಮೇಲೆ ರಕ್ತದ ಒಂದು ಹನಿ, ಅಷ್ಟೇ.

"ಈಗ ಹಾಕು ಎದೆಗೆ."

ಹಾಕಿದಳು. ಜಾರಿತು. ಮತ್ತೆ ಹಾಕಿದಳು. ಡಾಕ್ಟರಮ್ಮ ಕೂಸಿನ ತಲೆಯನ್ನು ಕೊಂಚ ಹಿಂದಕ್ಕೆ ಬಾಗಿಸಿದರು. ಕೂಸು ಬಾಯಿ ಅಗಲಿಸಿತು, ಹಿಡಿಯಿತು, ಎಳೆಯಿತು. ಗುಟುಕ್! ಮತ್ತೊಂದು ಗುಟುಕು! ಗಂಟಲಲ್ಲಿ ಹಾಲಿಳಿಯುವ ಸದ್ದು ಎಲ್ಲರಿಗೂ ಕೇಳಿಸಿತು.

"ಕುಡೀತಾ ಐತೆ! ಅತ್ತೆ, ನೋಡ್ರಿ, ಕುಡೀತಾ ಐತೆ!" ರಶ್ಮಿತಾ ಅಳುತ್ತಲೇ ನಗುತ್ತಿದ್ದಳು. ಇಷ್ಟು ಸಂತೋಷ ಅವಳಿಗೆ ಹೆತ್ತ ದಿನವೂ ಆಗಿರಲಿಲ್ಲ.

"ಇನ್ನೂ ಕೆಲವು ದಿನ ಅಭ್ಯಾಸ ಆಗಬೇಕು," ಎಂದ ಡಾಕ್ಟರಮ್ಮ ಅಂಜಿನೇಯನ ಕಡೆ ತಿರುಗಿದರು. "ಇದು ವಂಶದಲ್ಲಿ ಬರೋದುಂಟು. ಎಲ್ಲಿ, ನೀವು ನಾಲಿಗೆ ಚಾಚಿ."

ಅಂಜಿನೇಯ ಚಾಚಿದ. ಕತ್ತು ಉಬ್ಬಿತು, ಕಣ್ಣು ಹೊರಬಂತು, ನಾಲಿಗೆ ಮಾತ್ರ ಹಲ್ಲು ದಾಟಲಿಲ್ಲ.

"ನೋಡಿ, ಅಪ್ಪನಿಗೂ ಅದೇ."

ರಶ್ಮಿತಾಳಿಗೆ ನಗು ತಡೆಯಲಾಗಲಿಲ್ಲ. ಆದರೆ ಹೊನ್ನಕ್ಕ ನಗಲಿಲ್ಲ. ಅವಳು ಮಗನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು.

"ಅಂಗಾರೆ ಇವನು ಕುಡೀದೇ ಇದ್ದಿದ್ದು ಇದಕ್ಕೇಯಾ?" ದನಿ ಸಣ್ಣಗಾಗಿತ್ತು. "ನಮ್ಮತ್ತೆ ಅಂದಿದ್ರು, ನಿನ್ನ ಹಾಲು ಕಹಿ, ಅದಕ್ಕೇ ಕೂಸು ಉಗಿತೈತೆ ಅಂತ. ನನ್ನ ಕೈಲೇ ಗಂಟೆ ಕಟ್ಸಿದ್ರು. ಎದೆ ಕಲ್ಲಾಗಿ, ತಂಗಡಿ ಗಿಡದ ಬುಡಕ್ಕೆ ಹಿಂಡಿ ಹಿಂಡಿ ಬರ್ತಿದ್ದೆ ತಾಯೀ. ನನ್ನ ಹಾಲು ಕಹಿ ಇರ್ಲಿಲ್ವಾ?"

ಮೇಕೆಯ ಹೆಮ್ಮೆಯ ಹಿಂದೆ ಇಂಥದೊಂದು ನೋವಿತ್ತೆಂದು ರಶ್ಮಿತಾಳಿಗೆ ಇವತ್ತೇ ಗೊತ್ತಾದದ್ದು. ಅವಳು ಕೂಸನ್ನು ಬಿಡಿಸದೆ ಇನ್ನೊಂದು ಕೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡಳು.

"ಇಲ್ಲ ಅಜ್ಜಿ," ಎಂದರು ಡಾಕ್ಟರಮ್ಮ. "ನಿಮ್ಮ ಹಾಲು ಚೆನ್ನಾಗೇ ಇತ್ತು."

ಹೊನ್ನಕ್ಕ ಬಾಗಿಲು ತಳ್ಳಿಕೊಂಡು ಹೊರಗೆ ಓಡಿದಳು. ಹೆದರಿದ ಅಂಜಿನೇಯ "ಅವ್ವಾ!" ಎಂದು ಹಿಂದೆಯೇ ಓಡಿದ. ಕಿಟಕಿಯಾಚೆ ಆಟೋ ಹತ್ತಿರ ಅವಳು ಸೆರಗಿನಿಂದ ಗಂಟೆ ತೆಗೆಯುವುದು ರಶ್ಮಿತಾಳಿಗೆ ಕಂಡಿತು. ಮೇಕೆಗೆ ಕಟ್ಟಿಯೇ ಬಿಡುತ್ತಾಳೇನೋ ಎಂದು ಅವಳು ಕತ್ತು ಚಾಚಿ ನೋಡಿದಳು. ಹೊನ್ನಕ್ಕ ಕಟ್ಟಲಿಲ್ಲ. ಗಂಟೆಯನ್ನು ತಲೆಯ ಮೇಲೆತ್ತಿ ಬಾರಿಸತೊಡಗಿದಳು. ಔಷಧಿ ಅಂಗಡಿಯವನು ಹೊರಬಂದ, ಸಾಲಲ್ಲಿ ನಿಂತವರು ತಿರುಗಿ ನೋಡಿದರು, ಮೇಕೆ ಅರಚಿತು.

"ಕಹಿ ಇರ್ಲಿಲ್ಲ ಕಣ್ರಪ್ಪೋ! ನನ್ನ ಹಾಲು ಕಹಿ ಇರ್ಲಿಲ್ವಂತೆ!"