ನೀಲಿ ಕಾಲ್ಚೀಲದ ಸೀಸೆ

ಥೂ, ಗೋಲಾಗಬೇಕಿತ್ತು, ಕಂಬಕ್ಕೆ ಬಡಿದು ಆಚೆ ಹೋಯಿತು, ಮಗ ಹೆನ್ನರ್ ಸೋಫಾ ಗುದ್ದುತ್ತಿದ್ದಾನೆ, ಒಟ್ಮಾರನ ನಾಲಿಗೆಯಲ್ಲಿ ಮಾತ್ರ ಇನ್ನೂ ಕೆಂಪು ಕಾಲ್ಚೀಲದ ಸೀಸೆಯ ಗುಟುಕು — ಜೇನಿನ ಹಾಗೆ ಮಂದ, ಬಿಸಿಲು ಸುರಿದ ವರ್ಷ, ತನ್ನದೇ ಎರಡು ಸಾವಿರದ ಹದಿನೆಂಟರ ರೀಸ್ಲಿಂಗ್ ದ್ರಾಕ್ಷಿಯ ವೈನು, ಹೆತ್ತ ಮಗುವಿನ ಅಳು ಗೊತ್ತಾಗದೆ ಇರುತ್ತದೆಯೇ. ಮೂರು ಬಿಳಿ ವೈನಿಗೂ ಹೆನ್ನರನೇ ಆಟದ ಕಾಲ್ಚೀಲ ತೊಡಿಸಿ ಇಸವಿ ಮುಚ್ಚಿದ್ದಾನೆ, ಮೋಸೆಲ್ ನದಿ ದಂಡೆಯ ಒಂದೇ ಇಳಿಜಾರು, ಅದೇ ಬಳ್ಳಿಗಳು, ಮೂರು ವರ್ಷ, ಅಪ್ಪಾ, ಯಾವುದು ಮೇಲು ಅಂತ ನೀನೇ ಹೇಳು, ನಿಂದಾದ್ರೆ ಕೊಯ್ಲಿನ ದಿನ ನೀನೇ ಇಡು, ಮರೈಕೆದಾದ್ರೆ ಇನ್ಮೇಲೆ ಅವಳೇ ಇಡ್ತಾಳೆ — ಸೊಸೆ ಮರೈಕೆ, ಕಣ್ಣು ಟಿವಿಯಲ್ಲೇ ನೆಟ್ಟು, ಏಯ್ ರೆಫರಿ, ಕಣ್ಣೇನು ಮನೇಲಿಟ್ಟು ಬಂದ್ಯೇನೋ. ಬಿಳಿ ಕಾಲ್ಚೀಲ ಹತ್ತೊಂಬತ್ತರದು, ಅದೂ ತನ್ನದೇ, ಒಳ್ಳೆಯದೇ, ಮದುವೆಮನೆಯಲ್ಲಿ ಎಲ್ಲರನ್ನೂ ನೋಡಿ ನಗುವವರ ಹಾಗೆ, ನೆನಪಲ್ಲಿ ನಿಲ್ಲದು, ಇನ್ನು ನೀಲಿ — ಅಬ್ಬಾ.

ಹುಳಿ ಚುರುಕ್ಕೆಂದಿತು, ಹಿಂದೆಯೇ ಹಸಿ ಸೇಬು, ಮಳೆಗೆ ನೆನೆದ ಕಲ್ಲು, ನುಂಗಿದ ಮೇಲೂ ಬಿಟ್ಟುಹೋಗದು, ಇಪ್ಪತ್ತೊಂದು, ಬಿಸಿಲೇ ಕಾಣದ ವರ್ಷ, ತಾನು ಸೊಂಟ ಮುರಿದುಕೊಂಡು ಕಿಟಕಿ ಪಕ್ಕ ಮಲಗಿದ್ದ ವರ್ಷ, ಕೊಳೀತಾ ಇದೆ, ಇವತ್ತೇ ಕೊಯ್ಯಿ ಎಂದು ಕಿರುಚಿದ್ದ, ಬಿಯರ್ ಊರಿನವಳಿಗೆ ದ್ರಾಕ್ಷಿ ಏನು ಗೊತ್ತು ಎಂದೂ ಮೂಗು ಮುರಿದಿದ್ದ, ಇನ್ನೂ ಹಣ್ಣಾಗಿಲ್ಲ ಮಾವ, ಹನ್ನೊಂದು ದಿನ ಕೊಡಿ, ಈಗ ಸೂಪ್ ಕುಡೀರಿ, ಅಷ್ಟೇ ಅಂದಳು ಮಹಾರಾಯಿತಿ, ಮರುದಿನ ಬೆಳಗ್ಗೆ ಹಳದಿ ಮಳೆಕೋಟು ತೊಟ್ಟು ಇಳಿಜಾರಿಗೆ ಮೊಣಕಾಲೂರಿ ಪುಟ್ಟ ಕತ್ತರಿಯಲ್ಲಿ ಕೊಳೆತ ಹಣ್ಣನ್ನಷ್ಟೇ ಒಂದೊಂದಾಗಿ, ಗೊಂಚಲಿಗೆ ನೋವಾಗದ ಹಾಗೆ — ಕೆಂಪು ಎಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ, ನಲವತ್ತು ವರ್ಷ ಕೊಯ್ಲಿನ ದಿನ ಇಟ್ಟ ಬಾಯಿ ಇದು, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಇದ್ದುಬಿಡಬಹುದು, ಏನಪ್ಪಾ, ಮೂಗು ಕಟ್ಟಿದೆಯಾ ಎಂದು ಹೆನ್ನರ್ ಕೆಣಕುತ್ತಾನೆ, ಆದರೆ ಇಂಥದ್ದು ಬಾಯಲ್ಲಿರುವಾಗ ಸುಳ್ಳು ಹೊರಡುವುದು ಹೇಗೆ, ಎಂಥ ಕೈ ಇದು, ನನಗೆ ಒಲಿಯದ್ದು ಇವಳಿಗೆ ಒಲಿಯಿತಲ್ಲ, ನೀಲಿ, ಎಂದ, ನೀಲೀನೇ ಕಣಮ್ಮಾ ಮರೈಕೆ, ನನ್ನ ಕೈಲಿ ಒಂದು ವರ್ಷಾನೂ ಹೀಗೆ ಆಗಲಿಲ್ಲ, ದಿನ ನೀನೇ ಇಡು. ಗೋಲ್, ಗೋಲ್ ಎಂದು ಹೆನ್ನರ್ ಎದ್ದು ಕುಣಿದ, ಮರೈಕೆ ಟಿವಿ ಬಿಟ್ಟು ಮಾವನನ್ನೇ ನೋಡುತ್ತಿದ್ದಾಳೆ, ಕಾಲ್ಚೀಲ ಇನ್ನೂ ಬಿಚ್ಚೇ ಇಲ್ಲವಲ್ಲ ಮಾವ, ನಂದು ಅಂತ ಹೇಗೆ ಗೊತ್ತಾಯ್ತು — ಹೇಗೆ ಹೇಳುವುದು, ಬೈಯುತ್ತಲೇ ಹನ್ನೊಂದು ದಿನವೂ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ ಎಂದು, ಹಳದಿ ಕೋಟು, ಕತ್ತರಿ, ಒಂದು ಹಣ್ಣು, ಹಳದಿ ಕೋಟು, ಕತ್ತರಿ, ಇನ್ನೊಂದು ಹಣ್ಣು